ಕಲ್ಟ್ ಕಾಮಿಡಿ ಚಿತ್ರದ ವಾರ್ಷಿಕೋತ್ಸವ: ಅಭಿಮಾನಿಗಳೇ ನಡೆಸುವ ಪ್ರದರ್ಶನಕ್ಕೆ ಸಮಗ್ರ ಮಾರ್ಗದರ್ಶಿ

ಬಿಡುಗಡೆಯಾದಾಗ ಹೆಚ್ಚು ಜನ ನೋಡದೆ, ಆಮೇಲೆ ಟಿವಿ, ಡಿವಿಡಿ, ಮೀಮ್‌ಗಳ ದಾರಿಯಲ್ಲಿ ಬೆಳೆದ ಹಾಸ್ಯಚಿತ್ರಗಳ ಕಥೆಯೇ ಬೇರೆ. ಅಭಿಮಾನಿಗಳಿಗೆ ಡೈಲಾಗೆಲ್ಲ ಬಾಯಿಪಾಠ, ಆದರೆ ತುಂಬಿದ ಹಾಲಿನಲ್ಲಿ ಕೂತು ನೋಡಿದವರು ಕಡಿಮೆ. ಇಪ್ಪತ್ತೋ ಇಪ್ಪತ್ತೈದೋ ವರ್ಷದ ನೆಪದಲ್ಲಿ ಇಡುವ ಪ್ರದರ್ಶನ ಮೊದಲು ಆ ಕೊರತೆ ತುಂಬಬೇಕು. ಬ್ಯಾನರ್, ಭಾಷಣ, ಸನ್ಮಾನ ಎಲ್ಲ ಅದರ ನಂತರ. ಹಾಗಾಗಿ ಇಲ್ಲಿ ಪ್ರತಿ ತೀರ್ಮಾನಕ್ಕೂ ಒಂದೇ ಅಳತೆಗೋಲು: ಇದರಿಂದ ಹಾಲಿನ ನಗು ಹೆಚ್ಚುತ್ತದೋ, ಕೆಡುತ್ತದೋ? ಚಿತ್ರವನ್ನು ಅರೆದು ಕುಡಿದವರೂ ಮೊದಲ ಸಲ ನೋಡುವವರೂ ಅಕ್ಕಪಕ್ಕ ಕೂತು ಒಟ್ಟಿಗೇ ನಕ್ಕರೆ ಕಾರ್ಯಕ್ರಮ ಗೆದ್ದಂತೆ.

ತಾರೀಖು ಯಾವುದು?

ಅಂತರ್ಜಾಲದಲ್ಲಿ ಸಿಗುವ ಬಿಡುಗಡೆ ದಿನಾಂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಸೆನ್ಸಾರ್ ಆದ ದಿನ, ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ ದಿನ, ಚಿತ್ರಮಂದಿರಕ್ಕೆ ಬಂದ ದಿನ ಮೂರೂ ಬೇರೆ ಇರಬಹುದು. ಒಂದೇ ಚಿತ್ರ ಬೇರೆ ಬೇರೆ ದೇಶಗಳಲ್ಲಿ ತಿಂಗಳುಗಳ ಅಂತರದಲ್ಲಿ ಬಂದಿರಬಹುದು. ಆ ವಾರದ ಪತ್ರಿಕೆಯ ಸಿನಿಮಾ ಜಾಹೀರಾತು ಸಿಕ್ಕರೆ ಅದಕ್ಕಿಂತ ಗಟ್ಟಿ ದಾಖಲೆ ಬೇಡ, ಪೋಸ್ಟರಿಗೂ ಅದೇ ಒಳ್ಳೆಯ ಸಾಮಗ್ರಿ. ತಾರೀಖು ವಾರದ ಮಧ್ಯೆ ಬಿದ್ದರೆ ಹತ್ತಿರದ ಶನಿವಾರಕ್ಕೆ ಸರಿಸಿ. ಬುಧವಾರ ರಾತ್ರಿ ಅರ್ಧ ಖಾಲಿ ಹಾಲಿನಲ್ಲಿ ಕೂತು ತಾರೀಖಿನ ಮಾನ ಉಳಿಸಿದರೆ ಯಾರಿಗೂ ಲಾಭವಿಲ್ಲ.

ಹಕ್ಕು ಮತ್ತು ಪ್ರತಿ

ಕೆಲಸ ಶುರುವಾಗುವುದು ಇಲ್ಲಿಂದ, ಅದೂ ಕನಿಷ್ಠ ಮೂರು ತಿಂಗಳು ಮೊದಲು. ನಿಮ್ಮ ಹತ್ತಿರ ಡಿವಿಡಿ ಅಥವಾ ಬ್ಲೂ-ರೇ ಇದೆ ಎಂದರೆ ಮನೆಯಲ್ಲಿ ನೋಡುವ ಅನುಮತಿ ಇದೆ ಎಂದಷ್ಟೇ ಅರ್ಥ. ಸಾರ್ವಜನಿಕವಾಗಿ ತೋರಿಸುವುದು ಬೇರೆಯದೇ ಹಕ್ಕು. ಟಿಕೆಟ್ ಇಡಲಿಲ್ಲ ಎಂದಮಾತ್ರಕ್ಕೆ ಹೆಚ್ಚಿನ ದೇಶಗಳಲ್ಲಿ ಈ ನಿಯಮ ಬದಲಾಗುವುದಿಲ್ಲ. ಸ್ಟ್ರೀಮಿಂಗ್ ಖಾತೆಯಿಂದ ತೋರಿಸುವ ಯೋಚನೆಯನ್ನು ಬಿಟ್ಟೇಬಿಡಿ: ಷರತ್ತುಗಳಲ್ಲಿ ಸ್ವಂತ ಬಳಕೆಗೆ ಮಾತ್ರ ಎಂದಿರುತ್ತದೆ. ತಾಂತ್ರಿಕವಾಗಿಯೂ ಅದು ಕೈಕೊಡುವ ದಾರಿ. ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರ್‌ವರೆಗಿನ ಕೇಬಲ್, ಅಡಾಪ್ಟರ್, ಸ್ಪ್ಲಿಟರ್‌ಗಳಲ್ಲಿ ಒಂದು, ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಗೆ ಒಪ್ಪದಿದ್ದರೂ ಸದ್ದು ಬರುತ್ತದೆ, ಪರದೆ ಕಪ್ಪಾಗಿರುತ್ತದೆ.

ಹಳೆಯ ಚಿತ್ರದ ಹಕ್ಕು ಯಾರ ಕೈಯಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಟಿವಿ ಹಕ್ಕು ಒಬ್ಬರಿಗೆ, ಡಿಜಿಟಲ್ ಹಕ್ಕು ಇನ್ನೊಬ್ಬರಿಗೆ ಮಾರಾಟವಾಗಿರುತ್ತದೆ. ಚಿತ್ರಮಂದಿರದ ಹಕ್ಕು ನಿರ್ಮಾಪಕರಲ್ಲೋ ಅವರ ಮಕ್ಕಳಲ್ಲೋ ಉಳಿದಿರುತ್ತದೆ. ಟೈಟಲ್ ಕಾರ್ಡಿನಲ್ಲಿರುವ ನಿರ್ಮಾಣ ಸಂಸ್ಥೆ, ಪೋಸ್ಟರಿನ ಕೆಳಗಿನ ಸಣ್ಣಕ್ಷರ, ಇತ್ತೀಚೆಗೆ ಹೊರಬಂದ ಡಿಸ್ಕಿನ ಹಿಂಬದಿ, ಈ ಮೂರರಿಂದ ಹುಡುಕಾಟ ಆರಂಭಿಸಿ. ಮೊದಲ ಪತ್ರದಲ್ಲೇ ಇಷ್ಟು ಬರೆದರೆ ಉತ್ತರ ಬೇಗ ಬರುತ್ತದೆ: ಚಿತ್ರದ ಹೆಸರು ಮತ್ತು ವರ್ಷ, ದಿನಾಂಕ, ಸ್ಥಳ, ಸೀಟುಗಳ ಸಂಖ್ಯೆ, ಎಷ್ಟು ಪ್ರದರ್ಶನ, ಟಿಕೆಟ್ ಇದೆಯೋ ಉಚಿತವೋ, ಯಾವ ಮಾದರಿಯ ಪ್ರತಿ ಬೇಕು. ಫೋನಿನಲ್ಲಿ ‘ಮಾಡ್ಕೊಳ್ಳಿ ಬಿಡಿ’ ಎಂದರೆ ಸಾಲದು, ಬರಹದಲ್ಲಿ ಪಡೆಯಿರಿ. ಟೀ ಶರ್ಟ್, ಸ್ಟಿಕರ್ ಮಾರುವ ಯೋಚನೆಯಿದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ. ಚಿತ್ರ ತೋರಿಸುವ ಹಕ್ಕಿನಲ್ಲಿ ಅದು ಸೇರಿರುವುದಿಲ್ಲ.

ಇನ್ನು ಪ್ರತಿಯ ವಿಷಯ. ಚಿತ್ರಮಂದಿರದಲ್ಲಾದರೆ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಬೇಕಾಗುತ್ತದೆ. ಅದು ಸಾಮಾನ್ಯವಾಗಿ ನೂರರಿಂದ ಮುನ್ನೂರು ಜಿಬಿಯ ಕಡತಗಳ ಕಟ್ಟು, ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಪ್ಲೇ ಮಾಡುವ ಮೊದಲು ಚಿತ್ರಮಂದಿರದ ಸರ್ವರಿಗೆ ಅದನ್ನು ತುಂಬಿಸಬೇಕು. ಯುಎಸ್‌ಬಿ 2.0 ಮೂಲಕವಾದರೆ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ. 200 ಜಿಬಿಗೆ ಎರಡು ಗಂಟೆಯ ಆಸುಪಾಸು. ಪ್ರದರ್ಶನಕ್ಕೆ ಅರ್ಧ ಗಂಟೆ ಇರುವಾಗ ಡಿಸ್ಕ್ ಹಿಡಿದು ಓಡಿಬಂದರೆ ಆಗುವುದೇನು ಎಂದು ಲೆಕ್ಕ ಹಾಕಿಕೊಳ್ಳಿ. ಬೀಗ ಹಾಕಿದ ಡಿಸಿಪಿಯಾದರೆ ಕೆಡಿಎಂ ಎಂಬ ಡಿಜಿಟಲ್ ಕೀಲಿಯೂ ಬರಬೇಕು. ಆ ಕೀಲಿ ಒಂದು ನಿರ್ದಿಷ್ಟ ಸರ್ವರಿಗೆ, ಒಂದು ನಿರ್ದಿಷ್ಟ ಅವಧಿಗೆ ಮಾತ್ರ. ತಪ್ಪುಗಳು ಆಗುವುದು ಎರಡು ಕಡೆ: ಚಿತ್ರಮಂದಿರದವರು ಸರ್ವರ್ ಬದಲಿಸಿ ಹಳೆಯ ಯಂತ್ರದ ವಿವರ ಕಳಿಸಿರುತ್ತಾರೆ, ಇಲ್ಲವೇ ಕೀಲಿ ಸರಿಯಾಗಿ ಪ್ರದರ್ಶನದ ಹೊತ್ತಿಗೆ ತೆರೆದುಕೊಂಡು ಹಿಂದಿನ ದಿನ ಪರೀಕ್ಷಿಸಲು ಆಗುವುದಿಲ್ಲ. ಕೀಲಿ 48 ಗಂಟೆ ಮೊದಲೇ ತೆರೆಯಲಿ, ಪ್ರದರ್ಶನ ಮುಗಿದ ಮೇಲೂ ಕೆಲವು ಗಂಟೆ ಚಾಲ್ತಿಯಲ್ಲಿರಲಿ ಎಂದು ಮುಂಚೆಯೇ ಕೇಳಿ.

ಡಿಸ್ಕಿನಿಂದ ತೋರಿಸುವುದಾದರೆ ಚಿತ್ರದ ಅವಧಿ ನೋಡಿ. ಪಾಲ್ ಎಂಬ ಟಿವಿ ಪದ್ಧತಿಯ ಹಳೆಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25 ಫ್ರೇಮಿಗೆ ಓಡಿಸಿರುತ್ತಾರೆ. 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ದನಿ ಸರಿಪಡಿಸದಿದ್ದರೆ ಎಲ್ಲರ ಕಂಠವೂ ತುಸು ಏರಿರುತ್ತದೆ. ಅದಕ್ಕಿಂತ ಹೆಚ್ಚು ನಿಮಿಷ ಕಾಣೆಯಾಗಿದ್ದರೆ ಅದು ಟಿವಿಗೋ ಇನ್ನೆಲ್ಲಿಗೋ ಕತ್ತರಿಸಿದ ಆವೃತ್ತಿಯಿರಬಹುದು. ಅಚ್ಚುಮೆಚ್ಚಿನ ದೃಶ್ಯವೊಂದು ಮಾಯವಾಗಿದ್ದನ್ನು ಅಭಿಮಾನಿಗಳು ಮೂರೇ ಸೆಕೆಂಡಿನಲ್ಲಿ ಪತ್ತೆ ಮಾಡುತ್ತಾರೆ, ಕ್ಷಮಿಸುವುದಕ್ಕೆ ವರ್ಷಗಳೇ ಬೇಕು.

ಹಾಲ್ ಚಿಕ್ಕದಿರಲಿ

ನಗು ಅಂಟುಜಾಡ್ಯ, ಹರಡುವುದಕ್ಕೆ ಪಕ್ಕದಲ್ಲಿ ಜನ ಬೇಕು. 300 ಸೀಟಿನ ಹಾಲಿನಲ್ಲಿ ಚದುರಿ ಕೂತ 90 ಜನರಿಗಿಂತ 80 ಸೀಟಿನ ಹಾಲಿನಲ್ಲಿ ಒತ್ತಿ ಕೂತ 80 ಜನ ಎರಡು ಪಟ್ಟು ನಗುತ್ತಾರೆ. ದೊಡ್ಡ ಹಾಲೇ ಗತಿಯಾದರೆ ಹಿಂದಿನ ಸಾಲುಗಳನ್ನೂ ಎರಡು ಬದಿಯ ತುದಿಗಳನ್ನೂ ಟೇಪ್ ಕಟ್ಟಿ ಮುಚ್ಚಿ, ನಡುವಿನ ಭಾಗ ತುಂಬಿದ ಮೇಲೆ ಒಂದೊಂದೇ ಸಾಲು ತೆರೆಯಿರಿ. ಉಚಿತ ನೋಂದಣಿಯಲ್ಲಿ ಹೆಸರು ಕೊಟ್ಟು ಬಾರದವರು ಹೆಚ್ಚು. ಕಾಯುವವರ ಪಟ್ಟಿ ಇಟ್ಟುಕೊಂಡು, ಆರಂಭಕ್ಕೆ ಹತ್ತು ನಿಮಿಷ ಇರುವಾಗ ಖಾಲಿ ಸೀಟುಗಳನ್ನು ಅವರಿಗೆ ಬಿಟ್ಟುಕೊಡಿ.

ಗಂಟಲು ದೊಡ್ಡದಿರುವ ಅಭಿಮಾನಿ ಗುಂಪನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಆಸೆಯಾಗುತ್ತದೆ. ಬೇಡ. ಅವರು ಮಧ್ಯಭಾಗದ ಸ್ವಲ್ಪ ಹಿಂದೆ, ಒಂದೇ ಗುಂಪಾಗದೆ ನಾಲ್ಕಾರು ಕಡೆ ಹರಡಿ ಕೂತರೆ ನಗು ಇಡೀ ಹಾಲಿಗೆ ಸಾಗುತ್ತದೆ. ಒಂದೇ ಮೂಲೆಯಲ್ಲಿ ಕೂತರೆ ಅದು ಅವರ ಖಾಸಗಿ ಪಾರ್ಟಿಯಾಗಿ, ಉಳಿದವರು ಕರೆಯದ ಅತಿಥಿಗಳಂತೆ ಮುದುಡುತ್ತಾರೆ.

ಪರದೆ, ಬೆಳಕು, ಸದ್ದು

ಚಿತ್ರಮಂದಿರವಾದರೆ ಈ ಭಾಗದ ಅರ್ಧ ಚಿಂತೆ ಆಪರೇಟರ್ ಹೊತ್ತುಕೊಳ್ಳುತ್ತಾರೆ. ಸಭಾಂಗಣದಲ್ಲಾದರೆ ಲೆಕ್ಕ ನಿಮ್ಮದೇ.

ಚಿತ್ರಮಂದಿರದ ಪರದೆಗೆ ಒಪ್ಪಿತ ಹೊಳಪು ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಪರದೆಯ ವಿಸ್ತೀರ್ಣವನ್ನು 48ರಿಂದಲೂ 3.14ರಿಂದಲೂ ಗುಣಿಸಿದರೆ ಸಾಧಾರಣ ಬಿಳಿ ಪರದೆಗೆ ಬೇಕಾದ ಲ್ಯೂಮೆನ್ (ಪ್ರೊಜೆಕ್ಟರ್ ಹೊರಸೂಸುವ ಬೆಳಕಿನ ಅಳತೆ) ಸಿಗುತ್ತದೆ. 4 ಮೀಟರ್ ಅಗಲ, 2.25 ಮೀಟರ್ ಎತ್ತರದ ಪರದೆ 9 ಚದರ ಮೀಟರ್, ಅಂದರೆ ಸುಮಾರು 1,350 ಲ್ಯೂಮೆನ್. ಇದು ಪೂರ್ತಿ ಕತ್ತಲಿನ ಲೆಕ್ಕ. ಬಾಗಿಲ ಸಂದು, ನಿರ್ಗಮನ ದೀಪಗಳ ಬೆಳಕು ಸೇರಿದರೆ ಇದರ ಎರಡು ಪಟ್ಟು ಬೇಕು. ಡಬ್ಬದ ಮೇಲೆ ಬರೆದ ಲ್ಯೂಮೆನ್ ಯಂತ್ರದ ಅತಿ ಪ್ರಖರ ಸ್ಥಿತಿಯದ್ದು. ಬಣ್ಣ ಸರಿಬರುವ ಸಿನಿಮಾ ಮೋಡಿಗೆ ಹಾಕಿದರೆ ಅದು ಗಣನೀಯವಾಗಿ ಇಳಿಯುತ್ತದೆ. ಹಾಗಾಗಿ 4 ಮೀಟರ್ ಪರದೆಗೆ 4,000 ಲ್ಯೂಮೆನ್ ಎಂದು ಬರೆದಿರುವ ಪ್ರೊಜೆಕ್ಟರ್ ತಂದರೆ ನಿಶ್ಚಿಂತೆ. ಎಷ್ಟು ದೂರ ಇಡಬೇಕೆಂದು ತಿಳಿಯಲು ಪ್ರೊಜೆಕ್ಟರಿನ ಥ್ರೋ ರೇಶಿಯೊವನ್ನು (ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) ಪರದೆಯ ಅಗಲಕ್ಕೆ ಗುಣಿಸಿ: 1.5 ಇದ್ದರೆ 6 ಮೀಟರ್. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಏನಿದ್ದರೂ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಹೋಗಿ ಧಾರಾವಾಹಿ ಕಾಣುತ್ತದೆ.

ಹಾಸ್ಯಚಿತ್ರಕ್ಕೆ ಚಿತ್ರಕ್ಕಿಂತಲೂ ಸದ್ದು ಮುಖ್ಯ, ಅದರಲ್ಲೂ ಮಾತು. ಸಭಾಂಗಣಗಳಲ್ಲಿ ಕಾಣುವ ಮಾಮೂಲಿ ಎಡವಟ್ಟು ಇದು: ಪ್ಲೇಯರ್ 5.1, ಅಂದರೆ ಆರು ಚಾನೆಲಿನ ಸದ್ದು ಕೊಡುತ್ತಿರುತ್ತದೆ, ಕೇಬಲ್ ಹೋಗಿರುವುದು ಎಡ-ಬಲದ ಎರಡೇ ಸ್ಪೀಕರಿಗೆ. ಡೈಲಾಗಿನ ಬಹುಪಾಲು ನಡುವಿನ ಚಾನೆಲಿನಲ್ಲಿರುವುದರಿಂದ ಸಂಗೀತ ಅಬ್ಬರಿಸುತ್ತದೆ, ಮಾತು ಪಾತಾಳ ಸೇರುತ್ತದೆ. ವಾಲ್ಯೂಮ್ ಏರಿಸಿದರೆ ಸಂಗೀತ ಇನ್ನಷ್ಟು ಅಬ್ಬರಿಸುತ್ತದೆ. ಪ್ಲೇಯರಿನ ಸೆಟ್ಟಿಂಗಿನಲ್ಲಿ ಸ್ಟೀರಿಯೊ ಡೌನ್‌ಮಿಕ್ಸ್ ಆರಿಸಿದರೆ ನಡುವಿನ ಮಾತು ಎರಡೂ ಕಡೆ ಹಂಚಿಕೊಳ್ಳುತ್ತದೆ.

ತುಟಿಗೂ ಮಾತಿಗೂ ತಾಳ ತಪ್ಪಿದರೆ ಪಂಚ್ ಸತ್ತಂತೆ. ಮಾತು ಸುಮಾರು 45 ಮಿಲಿಸೆಕೆಂಡ್ ಮೊದಲು ಬಂದರೂ ಸುಮಾರು 125 ಮಿಲಿಸೆಕೆಂಡ್ ತಡವಾದರೂ ಜನ ಗಮನಿಸತೊಡಗುತ್ತಾರೆ. ಪ್ರೊಜೆಕ್ಟರ್ ಚಿತ್ರವನ್ನು ಸಂಸ್ಕರಿಸುವಾಗ ತಡಮಾಡಿದರೆ ಮಾತು ಮುಂದಾಗುತ್ತದೆ, ಬ್ಲೂಟೂತ್ ಸ್ಪೀಕರ್ ಬಳಸಿದರೆ ಮಾತು ಹಿಂದಾಗುತ್ತದೆ. ಬ್ಲೂಟೂತ್ ಬೇಡವೇ ಬೇಡ, ತಂತಿ ಎಳೆಯಿರಿ. ಉದ್ದನೆಯ ಹಾಲಿನಲ್ಲಿ ಮಧ್ಯೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ ಅದಕ್ಕೆ ವಿಳಂಬ ಕೊಡಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ 15 ಮೀಟರಿಗೆ 44 ಮಿಲಿಸೆಕೆಂಡ್. ಇದನ್ನು ಹೊಂದಿಸದಿದ್ದರೆ ಹಿಂದಿನ ಸಾಲಿನವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿದಂತಾಗುತ್ತದೆ.

ವಾಲ್ಯೂಮನ್ನು ಖಾಲಿ ಹಾಲಿನಲ್ಲಿ ಹೊಂದಿಸುವಾಗ ಕಿವಿಗೆ ಸರಿಯೆನಿಸಿದ್ದಕ್ಕಿಂತ ಒಂದು ಹಂತ ಮೇಲಿಡಿ. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಅದರ ಮೇಲೆ ನಗುವಿನ ಗದ್ದಲ ಬೇರೆ. ಸಬ್‌ಟೈಟಲ್ ಇದ್ದರೆ ಹಾಕಿ, ನೋಡುಗರ ಭಾಷೆಯದ್ದೇ ಆದರೂ ಸರಿ. ದೊಡ್ಡ ನಗು ಆರೇಳು ಸೆಕೆಂಡ್ ಎದ್ದರೆ ಅದರಡಿ ಎರಡು ಡೈಲಾಗ್ ಮುಳುಗುತ್ತವೆ; ಹೊಸಬರಿಗೆ ಆ ಎರಡು ಸಾಲು ಓದಲಾದರೂ ಸಿಗಲಿ.

ನಗುವಿನ ನಕ್ಷೆ

ವಾರ್ಷಿಕೋತ್ಸವಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಪ್ರತಿ ಡೈಲಾಗನ್ನೂ ಎಲ್ಲರೂ ಕೂಗಿದರೆ ಹತ್ತು ನಿಮಿಷದಲ್ಲಿ ಚಿತ್ರ ಕೇಳಿಸದಂತಾಗಿ, ಅರ್ಧ ಗಂಟೆಯಲ್ಲಿ ಕೂಗುವವರಿಗೂ ಬೇಸರ ಬರುತ್ತದೆ. ಪ್ರೇಕ್ಷಕರು ಪರದೆಗೆ ಮಾರುತ್ತರ ಕೊಡುವ ಪದ್ಧತಿಗೆ ದೊಡ್ಡ ಹೆಸರು ತಂದುಕೊಟ್ಟದ್ದು 1975ರ ‘ದಿ ರಾಕಿ ಹಾರರ್ ಪಿಕ್ಚರ್ ಶೋ’. 1976ರಲ್ಲಿ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ ಶುರುವಾದ ಮಧ್ಯರಾತ್ರಿ ಪ್ರದರ್ಶನಗಳಲ್ಲಿ ಆ ಕೂಗುಗಳು ವಾರದಿಂದ ವಾರಕ್ಕೆ ಬೆಳೆದವು. ಅಲ್ಲಿಯೂ ಕೂಗಿಗೆ ಜಾಗವಿರುವುದು ಮಾತಿನ ಸಂದುಗಳಲ್ಲಿ. ನಿಮ್ಮ ಚಿತ್ರದ ಸಂದುಗಳು ಎಲ್ಲಿವೆ ಎಂದು ಪಟ್ಟಿ ಮಾಡಬೇಕು, ಆ ಪಟ್ಟಿಯೇ ನಗುವಿನ ನಕ್ಷೆ.

ಇಬ್ಬರು ಕೂತು, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ನಾಲ್ಕು ಕಾಲಂ ತುಂಬಿ: ಸಮಯ, ಡೈಲಾಗ್, ಅದರ ಮುಂದಿರುವ ಮೌನ, ಪ್ರೇಕ್ಷಕರ ಕೆಲಸ. ಉದಾಹರಣೆಗೆ, ಸಾಲ ಕೊಟ್ಟವನು ಬಾಗಿಲು ಬಡಿದು ‘ಯಾರಿದ್ದೀರಿ ಒಳಗೆ?’ ಎನ್ನುತ್ತಾನೆ, ಮಂಚದಡಿ ಅಡಗಿದವನು ‘ಯಾರೂ ಇಲ್ಲ’ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಇಲ್ಲಿ ಪ್ರಶ್ನೆಯ ಮೇಲೆ ಯಾರೂ ಉಸಿರೆತ್ತಬಾರದು, ಏಕೆಂದರೆ ಹೊಸಬನಿಗೆ ಪ್ರಶ್ನೆ ಕೇಳಿಸದಿದ್ದರೆ ಉತ್ತರ ನಗುವಲ್ಲ. ನಡುವಿನ ಎರಡು ಸೆಕೆಂಡ್ ಮೌನವೂ ಪವಿತ್ರ, ನಗು ಹುಟ್ಟುವುದೇ ಅಲ್ಲಿ. ‘ಯಾರೂ ಇಲ್ಲ’ ಎಂಬುದನ್ನು ಇಡೀ ಸಭೆ ಒಟ್ಟಿಗೇ ಹೇಳಲಿ. ಅದರ ಬೆನ್ನಿಗೆ ಬರುವ ಡೈಲಾಗು ಹೇಗೂ ನಗುವಿನಡಿ ಹೋಗುತ್ತದೆ. ಕಥೆಗೆ ಅದು ಮುಖ್ಯವಾದರೆ ‘ಯಾರೂ ಇಲ್ಲ’ವನ್ನು ಪಟ್ಟಿಯಿಂದ ಕೈಬಿಡಿ.

ಹೀಗೆ ಸೋಸಿದರೆ ಎರಡೂವರೆ ಗಂಟೆಯ ಚಿತ್ರಕ್ಕೆ 12ರಿಂದ 15 ‘ಎಲ್ಲರೂ ಹೇಳುವ’ ಸಾಲು ಸಾಕು. ಮೊದಲ ಹದಿನೈದು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಬೇಡ, ಪಾತ್ರಗಳು ಆಗಷ್ಟೇ ಪರಿಚಯವಾಗುತ್ತಿರುತ್ತವೆ. ಆ ಸಾಲುಗಳನ್ನು ಅಂಗೈಯಗಲದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ, ಹಿಂಬದಿಯಲ್ಲಿ ನಿಯಮ: ‘ಇವಿಷ್ಟನ್ನು ಕೂಗಿ, ಉಳಿದದ್ದನ್ನು ಕಲಾವಿದರಿಗೆ ಬಿಡಿ.’ ಸಮಯ ಗುರುತು ಹಾಕುವಾಗ ಯಾವ ಪ್ರತಿಯಿಂದ ಎಂದು ಬರೆದಿಡಿ. ಪಾಲ್ ಡಿಸ್ಕಿನಲ್ಲಿ 1:12:00ಕ್ಕೆ ಬರುವ ದೃಶ್ಯ ಡಿಸಿಪಿಯಲ್ಲಿ 1:15:00ಕ್ಕೆ ಬರುತ್ತದೆ. ಗಡಿಯಾರ ನೋಡಿ ಸೀಟಿ ಊದಲು ನಿಂತ ಸ್ವಯಂಸೇವಕ ಮೂರು ನಿಮಿಷ ಮೊದಲೇ ಊದಿ ಬೆಪ್ಪಾಗುತ್ತಾನೆ.

ಹಳೆಯ ಚಿತ್ರಗಳಲ್ಲಿ ಮೈಬಣ್ಣ, ತೂಕ, ತೊದಲು, ಹೆಂಗಸರನ್ನು ಗುರಿಮಾಡಿದ ತಮಾಷೆಗಳು ಇದ್ದೇ ಇರುತ್ತವೆ. ಚಿತ್ರಕ್ಕೆ ಕತ್ತರಿ ಹಾಕುವ ಅಧಿಕಾರ ನಿಮಗಿಲ್ಲ, ಆದರೆ ಆ ಸಾಲನ್ನು ಚೀಟಿಯಲ್ಲಿ ಮುದ್ರಿಸದಿರುವ ಅಧಿಕಾರ ಖಂಡಿತ ಇದೆ. ಪರದೆಯ ಮೇಲೆ ಒಬ್ಬ ಹೇಳುವುದು ಬೇರೆ, ನೂರು ಜನ ಒಕ್ಕೊರಲಿನಿಂದ ಹೇಳುವುದು ಬೇರೆ.

ಕೈಯಲ್ಲಿ ಹಿಡಿಯುವ ವಸ್ತುಗಳು

ಚಿತ್ರದಲ್ಲಿ ಹೆಸರಾದ ವಸ್ತುವೊಂದನ್ನು ಪ್ರೇಕ್ಷಕರ ಕೈಗೆ ಕೊಡುವುದು ಒಳ್ಳೆಯ ಉಪಾಯ. ಎಸೆಯುವ ವಸ್ತುವಿಗಿಂತ ಸದ್ದು ಮಾಡುವ ವಸ್ತು ಯಾವಾಗಲೂ ಮೇಲು. ‘ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್’ ಚಿತ್ರದಲ್ಲಿ ಕುದುರೆಯ ಬದಲು ತೆಂಗಿನ ಚಿಪ್ಪು ಬಡಿಯುತ್ತಾರೆ. 2007ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಚಿಪ್ಪು ಬಡಿದರು. ಅಕ್ಕಿ, ಬ್ರೆಡ್ಡು, ನೀರಿನ ಪಿಚಕಾರಿಗಳನ್ನು ಅನೇಕ ಚಿತ್ರಮಂದಿರಗಳು ಒಳಗೇ ಬಿಡುವುದಿಲ್ಲ. ಪರದೆಯಲ್ಲಿ ಸದ್ದು ಹಾಯಲೆಂದು ಸಣ್ಣ ಸಣ್ಣ ತೂತುಗಳಿರುತ್ತವೆ, ಮೇಲ್ಮೈಗೆ ವಿಶೇಷ ಲೇಪನ ಇರುತ್ತದೆ. ಒಂದು ಕಲೆ ಬಿದ್ದರೂ ಒರೆಸಿ ತೆಗೆಯಲಾಗದು. ಅಕ್ಕಿ ನೆಲದ ಮೇಲೆ ಬಿದ್ದರೆ ಕತ್ತಲಲ್ಲಿ ಜಾರುತ್ತಾರೆ. ಮಿನುಗುಪುಡಿ, ಫೋಮ್ ಸ್ಪ್ರೇ, ಲೇಸರ್ ಪಾಯಿಂಟರ್ ಮೂರಕ್ಕೂ ಬಾಗಿಲಲ್ಲೇ ತಡೆ. ಎಸೆಯಲೇಬೇಕೆಂದರೆ ಉಂಡೆ ಕಟ್ಟಿದ ನ್ಯೂಸ್‌ಪ್ರಿಂಟ್ ಕಾಗದ, ಒಬ್ಬೊಬ್ಬರಿಗೆ ಎರಡು, ಇಡೀ ಚಿತ್ರದಲ್ಲಿ ಒಂದೇ ದೃಶ್ಯಕ್ಕೆ.

ವೇಷ, ಕ್ವಿಜ್, ಅತಿಥಿಗಳು

1998ರಲ್ಲಿ ತೆರೆಕಂಡ ‘ದಿ ಬಿಗ್ ಲೆಬೋವ್ಸ್ಕಿ’ ಅಭಿಮಾನಿಗಳು 2002ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಆರಂಭಿಸಿದ ಲೆಬೋವ್ಸ್ಕಿ ಫೆಸ್ಟ್ ಬೌಲಿಂಗ್ ಅಂಗಳದಲ್ಲಿ ನಡೆಯಿತು, ಚಿತ್ರದ ಪಾತ್ರಗಳು ಆಡುವ ಆಟವೇ ಅದು. ಇದರಿಂದ ಕದಿಯಬಹುದಾದ ಬುದ್ಧಿ ಇಷ್ಟು: ಚಿತ್ರದೊಳಗಿನ ಒಂದು ಚಟುವಟಿಕೆಯನ್ನು ಹೊರಗೆ ತನ್ನಿ, ಹತ್ತು ಆಟ ಇಡಬೇಡಿ.

ವೇಷ ಸ್ಪರ್ಧೆಯಲ್ಲಿ ನಾಯಕನ ವೇಷವೇ ಇಪ್ಪತ್ತು ಬರುತ್ತವೆ. ‘ಐದು ನಿಮಿಷವೂ ಕಾಣಿಸದ ಪಾತ್ರ’ ಎಂಬ ಪ್ರತ್ಯೇಕ ಬಹುಮಾನ ಘೋಷಿಸಿ. ಒಂದೇ ದೃಶ್ಯದಲ್ಲಿ ಬರುವ ಪೋಸ್ಟ್‌ಮ್ಯಾನ್, ಹಿಂದೆ ನಿಂತ ಡ್ಯಾನ್ಸರ್ ಎಲ್ಲ ಪ್ರತ್ಯಕ್ಷರಾಗುತ್ತಾರೆ. ತಲೆಗೆ ಇಪ್ಪತ್ತು ಸೆಕೆಂಡ್, ಒಂದೇ ಡೈಲಾಗ್, ಮುಂದಕ್ಕೆ. ಕ್ವಿಜ್ಜಿಗೆ 15 ಪ್ರಶ್ನೆ ಸಾಕು: ಐದು ಯಾರಿಗಾದರೂ ಗೊತ್ತಿರುವಂಥವು, ಏಳು ಎರಡು ಸಲ ನೋಡಿದವರಿಗೆ, ಮೂರು ಹುಚ್ಚರಿಗೆ. ಸಮಬಲವಾದರೆ ಬಿಡಿಸಲು ಅಂಕಿ ಕೇಳುವ ಪ್ರಶ್ನೆ ಇಟ್ಟುಕೊಳ್ಳಿ, ‘ಆ ಬಾಗಿಲನ್ನು ಒಟ್ಟು ಎಷ್ಟು ಸಲ ಬಡಿಯುತ್ತಾರೆ?’ ಎಂಬಂಥದ್ದು, ಹತ್ತಿರದ ಉತ್ತರ ಗೆಲ್ಲುತ್ತದೆ. ಉತ್ತರಗಳನ್ನು ಅಂತರ್ಜಾಲದಿಂದ ತೆಗೆಯದೆ ಚಿತ್ರದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ವೇದಿಕೆಯಲ್ಲೇ ಜಗಳ ಗ್ಯಾರಂಟಿ.

ಅತಿಥಿಗಳೆಂದರೆ ನಾಯಕ ನಟರೇ ಆಗಬೇಕಿಲ್ಲ. ಸಂಕಲನಕಾರರು, ಸಂಭಾಷಣೆ ಬರೆದವರು, ಸಹ ನಿರ್ದೇಶಕರು ಹೇಳುವ ವಿವರ ನಾಯಕನಿಗೂ ಗೊತ್ತಿರುವುದಿಲ್ಲ, ಬರುವ ಸಾಧ್ಯತೆಯೂ ಹೆಚ್ಚು. ಸಂವಾದ ಚಿತ್ರ ಮುಗಿದ ಮೇಲೆ, 25 ನಿಮಿಷ. ಪ್ರೇಕ್ಷಕರ ಪ್ರಶ್ನೆಗಳನ್ನು ಇಂಟರ್‌ವಲ್‌ನಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕ್ ಕೈಗೆ ಕೊಟ್ಟರೆ ಪ್ರಶ್ನೆಯ ಬದಲು ಆತ್ಮಕಥೆ ಹೊರಬರುತ್ತದೆ.

ತೀರಿಕೊಂಡ ಕಲಾವಿದರ ನೆನಪು ಮಾಡುವುದಿದ್ದರೆ ಅದನ್ನು ಚಿತ್ರದ ಮೊದಲ ದೃಶ್ಯಕ್ಕೆ ಅಂಟಿಸಬೇಡಿ. ಮೌನ ಆಚರಿಸಿದ ಸಭೆ ಮರುಕ್ಷಣ ನಗುವುದಿಲ್ಲ. 90 ಸೆಕೆಂಡಿನ ಚಿತ್ರಮಾಲಿಕೆ, ಅವರ ನಗಿಸುವ ತುಣುಕಿನಿಂದಲೇ ಮುಗಿಯಲಿ, ಅದರ ನಂತರ ಕ್ವಿಜ್ ಬರಲಿ, ಆಮೇಲೆ ಚಿತ್ರ. ಆ ತುಣುಕುಗಳನ್ನೂ ಅನುಮತಿ ಪತ್ರದಲ್ಲಿ ಸೇರಿಸಿ ಕೇಳಿರಬೇಕು.

ದಿನದ ಓಟ

140 ನಿಮಿಷದ ಚಿತ್ರಕ್ಕೆ ಸಂಜೆಯ ಲೆಕ್ಕ ಹೀಗೆ ಕೂರುತ್ತದೆ: 4:00ಕ್ಕೆ ಬಾಗಿಲು, ಚೀಟಿ ಹಂಚಿಕೆ; 4:30ಕ್ಕೆ ವೇಷ ಸ್ಪರ್ಧೆ; 4:50ಕ್ಕೆ ನೆನಪಿನ ಮಾಲಿಕೆ; 4:55ಕ್ಕೆ ಕ್ವಿಜ್; 5:15ಕ್ಕೆ ಎರಡು ನಿಮಿಷದ ಸೂಚನೆ, ಅದರಲ್ಲಿ ಒಂದು ಸಾಲನ್ನು ಎಲ್ಲರಿಂದ ಕೂಗಿಸುವ ರಿಹರ್ಸಲ್; 5:20ಕ್ಕೆ ಚಿತ್ರ; ಹದಿನೈದು ನಿಮಿಷದ ಇಂಟರ್‌ವಲ್ ಸೇರಿ 7:55ಕ್ಕೆ ಮುಕ್ತಾಯ; 8:25ರವರೆಗೆ ಸಂವಾದ. ಹಾಲನ್ನು 9:00ರವರೆಗೆ ಕಾಯ್ದಿರಿಸಿ. ಭಾಷಣಕ್ಕೆ ಇದರಲ್ಲಿ ಜಾಗವಿಲ್ಲ, ಬೇಕೆಂದೇ ಬಿಟ್ಟದ್ದು. ಪ್ರಾಯೋಜಕರು ಪಟ್ಟು ಹಿಡಿದರೆ ಇಂಟರ್‌ವಲ್ ಕೊನೆಯಲ್ಲಿ ಎರಡು ನಿಮಿಷ ಕೊಡಿ.

ಹಿಂದಿನ ದಿನ ಚಿತ್ರದ ಮೊದಲ ಐದು ನಿಮಿಷ, ನಡುವಿನ ಒಂದು ಗದ್ದಲದ ಹಾಡು, ಒಂದು ಪಿಸುಮಾತಿನ ದೃಶ್ಯ, ಕೊನೆಯ ರೀಲು ಇಷ್ಟನ್ನೂ ಹಾಕಿ ನೋಡಿ. ಕೊನೆಯ ರೀಲನ್ನು ಯಾರೂ ಪರೀಕ್ಷಿಸುವುದಿಲ್ಲ; ಡಿಸ್ಕಿನ ಗೀರು ಕಾಣಿಸುವುದು ಹೆಚ್ಚಾಗಿ ಅಲ್ಲಿಯೇ. ಬದಲಿ ಪ್ರತಿಯೊಂದು ಇನ್ನೊಂದು ಪ್ಲೇಯರಿನಲ್ಲಿ ಸಿದ್ಧವಿರಲಿ, ಅದರ ಬಳಕೆಗೂ ಒಪ್ಪಿಗೆ ಇರಲಿ. ನೂರು ಜನರಿಗೆ ಆರು ಸ್ವಯಂಸೇವಕರು ಸಾಕು: ಬಾಗಿಲಲ್ಲಿ ಇಬ್ಬರು, ಒಳಗೆ ಇಬ್ಬರು, ಪ್ರೊಜೆಕ್ಷನ್ ಪಕ್ಕ ಒಬ್ಬರು, ಅತಿಥಿಗಳ ಜೊತೆ ಒಬ್ಬರು. ಪ್ರೊಜೆಕ್ಷನ್ ಪಕ್ಕದವರಿಗೆ ಚಿತ್ರ ನೋಡುವ ಭಾಗ್ಯವಿಲ್ಲ, ಮೊದಲೇ ಹೇಳಿಬಿಡಿ. ಒಳಗಿನ ಇಬ್ಬರಿಗೆ ಮುಖ್ಯ ಕೆಲಸ, ಪರದೆಗೆ ಮೊಬೈಲ್ ಹಿಡಿದವರ ಭುಜ ತಟ್ಟುವುದು: ವೇಷ, ಕ್ವಿಜ್ ಎಷ್ಟು ಬೇಕಾದರೂ ಚಿತ್ರೀಕರಿಸಲಿ, ಚಿತ್ರ ಓಡುವಾಗ ಬೇಡ. ಒಂದೇ ಒಂದು ತುಣುಕು ಹೊರಬಿದ್ದರೂ ಹಕ್ಕುದಾರರು ಮುಂದಿನ ಸಲ ಫೋನು ಎತ್ತುವುದಿಲ್ಲ.

ಮುಗಿದ ರಾತ್ರಿಯೇ ಸರ್ವರಿನಿಂದ ಚಿತ್ರ ಅಳಿಸಿದ್ದನ್ನು ಆಪರೇಟರ್ ಹತ್ತಿರ ಖಚಿತಪಡಿಸಿಕೊಳ್ಳಿ, ಹಾರ್ಡ್ ಡಿಸ್ಕನ್ನು ಅದು ಬಂದ ಪೆಟ್ಟಿಗೆಯಲ್ಲೇ ಹಾಕಿ ಎರಡು ದಿನದೊಳಗೆ ವಾಪಸ್ ಕಳಿಸಿ, ರಸೀತಿಯ ಫೋಟೋ ಇಟ್ಟುಕೊಳ್ಳಿ. ನಗುವಿನ ನಕ್ಷೆಯಲ್ಲಿ ಯಾವ ಸಾಲಿಗೆ ಸಭೆ ಕೂಗಿತು, ಯಾವುದಕ್ಕೆ ಸುಮ್ಮನಿತ್ತು, ಪಟ್ಟಿಯಲ್ಲಿಲ್ಲದ ಯಾವ ಕಡೆ ತಾನಾಗಿ ನಗು ಎದ್ದಿತು ಎಂಬುದನ್ನು ಅದೇ ವಾರ ಗುರುತು ಹಾಕಿ, ಹಕ್ಕು ಕೊಟ್ಟವರಿಗೂ ಒಂದು ಪ್ರತಿ ಕಳಿಸಿ.